ಸಾಕು ಎನ್ನಬೇಕಾದವರು ಯಾರು?

ಎದುರು ಮನೆಯ ಹುಡುಗಿ ಹೋದ ಭಾನುವಾರ ಆಫರ್ ಲೆಟರ್ ಹಿಡಿದುಕೊಂಡು ಬಂದಳು. ಜ್ಞಾನಭಾರತಿಯಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿದ್ದಾಳೆ. "ಆಂಟಿ, ವರ್ಷಕ್ಕೆ 4,20,000 ಅಂತ ಹಾಕಿದ್ದಾರೆ. ಎಚ್‌ಆರ್‌ನಲ್ಲಿ ಮುಂದೆ ದುಡ್ಡು ಇದೆಯಾ?" ಎಂದಳು. ಶ್ರೀನಗರ ಬಸ್‌ ಸ್ಟ್ಯಾಂಡಿನ ಹಿಂದಿನ ನಮ್ಮ ರಸ್ತೆಯಲ್ಲಿ ಆ ಕೆಲಸದವಳು ನಾನೊಬ್ಬಳೇ. ಇಪ್ಪತ್ತನಾಲ್ಕು ವರ್ಷವಾಯಿತು.

ಕಾಗದ ಹರಡಿಕೊಂಡು ಲೆಕ್ಕಕ್ಕೆ ಕೂತೆವು. ತಿಂಗಳಿಗೆ 35,000. ಅದರಲ್ಲಿ ಮೂಲ ವೇತನ 17,500. ಕಂಪನಿ ಕಟ್ಟುವ ಪಿಎಫ್ 2,100, ಗ್ರಾಚ್ಯುಟಿಗೆಂದು 842, ಎರಡನ್ನೂ ಆ 35,000ದೊಳಗೇ ಸೇರಿಸಿದ್ದರು. ಅವಳ ಪಾಲಿನ ಪಿಎಫ್ ಇನ್ನೊಂದು 2,100, ವೃತ್ತಿ ತೆರಿಗೆ 200. ಕೈಗೆ ಬರುವುದು 29,758. ಅವಳು ಪೆನ್ನಿನ ಕ್ಯಾಪ್ ಮುಚ್ಚಿ ಸುಮ್ಮನೆ ಕೂತಳು.

ದುಡ್ಡಿದೆ ಎಂದೆ. ಸುಳ್ಳು ಹೇಳಲಿಲ್ಲ. ಹತ್ತು ಹನ್ನೆರಡು ವರ್ಷ ನಿಂತವರಿಗೆ, ಅದರಲ್ಲೂ ಸಂಬಳ ನಿಗದಿಯ ವಿಭಾಗ ಸೇರಿದವರಿಗೆ, ಒಳ್ಳೆಯ ಸಂಬಳವೇ ಸಿಗುತ್ತದೆ. ಆದರೆ ಈ ಕೆಲಸದಲ್ಲಿ ಮೇಲೆ ಹೋದಷ್ಟೂ ಮನುಷ್ಯರ ಮುಖ ಕಾಣುವುದು ಕಡಿಮೆಯಾಗುತ್ತದೆ. ನಾನು ಶುರು ಮಾಡಿದ್ದು ಗಾರ್ಮೆಂಟ್ಸ್‌ನಲ್ಲಿ, ವೆಲ್ಫೇರ್ ಆಫೀಸರ್ ಆಗಿ. ಐನೂರು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆ ಹುದ್ದೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಆಗ ನನಗೆ ಹೆಸರುಗಳು ಗೊತ್ತಿದ್ದವು. ಈಗ ಎಂಪ್ಲಾಯಿ ನಂಬರುಗಳು ಗೊತ್ತು.

ಅಲ್ಲಿ ದಾರ ಕತ್ತರಿಸುವ ಹೆಲ್ಪರ್ ಒಬ್ಬಳಿದ್ದಳು. ಕತ್ತರಿ ಒತ್ತಿ ಒತ್ತಿ ಹೆಬ್ಬೆರಳ ಬುಡ ಜಡ್ಡುಗಟ್ಟಿತ್ತು, ಸೆರಗಿನ ತುಂಬ ದಾರದ ತುಣುಕು. "ಮೇಡಂ, ಮಗನ ಫೀಸಿಗೆ ಸಾಲ್ತಿಲ್ಲ, ಒಂದು ಐನೂರು ಜಾಸ್ತಿ ಮಾಡ್ಸಿ" ಎಂದು ನನ್ನ ಟೇಬಲ್ ಮುಂದೆ ನಿಂತಳು. ನನ್ನ ಹಿಂದಿನ ಗೋಡೆಯಲ್ಲಿ ಕಾಯಕದ ಹಿರಿಮೆ ಸಾರುವ ಬೋರ್ಡಿತ್ತು. ಅದನ್ನು ತೋರಿಸಿ, ಇದ್ದುದರಲ್ಲಿ ತೃಪ್ತಿ ಇರಬೇಕಮ್ಮ ಎಂದೆ. "ಆಯ್ತು ಮೇಡಂ" ಎಂದು ಹೋದಳು. ನಾನು ಮಾಡಿದ್ದು ತಪ್ಪು. ಎಷ್ಟು ತಪ್ಪು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಿಧಾನವಾಗಿ ಓದಿದಾಗ.

ಕಥೆ ನಮಗೆಲ್ಲ ಗೊತ್ತು. ಹನ್ನೆರಡನೆಯ ಶತಮಾನದ ಕಲ್ಯಾಣ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮರಿಗೆ ಉಣಬಡಿಸುವುದು ಮಾರಯ್ಯ-ಲಕ್ಕಮ್ಮ ದಂಪತಿಯ ಕಾಯಕ. ಒಂದು ದಿನ ಅಲ್ಲಿ ಬೇಕೆಂದೇ ಹೆಚ್ಚು ಚೆಲ್ಲಿಸಿದರು. ಮಾರಯ್ಯ ಹೆಚ್ಚು ತಂದ. ನಮಗಿಷ್ಟು ಬೇಡ, ಮಿಕ್ಕಿದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ವಾಪಸು ಕಳಿಸಿದಳು.

ಇದನ್ನು ಅಲ್ಪತೃಪ್ತಿಯ ಪಾಠವಾಗಿ ನಾವು ಹೇಳಿಕೊಂಡು ಬಂದಿದ್ದೇವೆ. ಯಾರು ಏನು ಮಾಡಿದರೆಂದು ನೋಡಿ. ಹೆಚ್ಚು ಚೆಲ್ಲಿಸಿದ್ದು ಕೊಡುವ ಕಡೆಯವರು. ಸಾಕು ಎಂದದ್ದು ಪಡೆಯುವ ಕಡೆಯವಳು. ಅಂದಿನ ಅಡುಗೆಗೆ ಆಗುವಷ್ಟು ಅಕ್ಕಿ ಮೊದಲೇ ಅವಳ ಮೊರದಲ್ಲಿತ್ತು. ಸಾಲದವಳಿಗೆ ಯಾರೂ ಸಾಕು ಎಂದು ಹೇಳಿಕೊಡಲಿಲ್ಲ. ನಾನು ಆ ಟೇಬಲ್ಲಿನ ಹಿಂದೆ ಕೂತು ಇದನ್ನು ತಲೆಕೆಳಗು ಮಾಡಿದ್ದೆ. ಲಕ್ಕಮ್ಮ ತನಗೆ ತಾನೇ ಹಾಕಿಕೊಂಡ ಮಿತಿಯನ್ನು ಇನ್ನೊಬ್ಬಳ ಹೊಟ್ಟೆಗೆ ಹಾಕಿದ್ದೆ. ಕಾಯಕ ಅನ್ನುವ ಮಾತು ಸಂಬಳ ಕೊಡುವವರ ಬಾಯಿಗೆ ಬಂದಾಗ ಧರ್ಮವಾಗಿ ಉಳಿಯುವುದಿಲ್ಲ, ಅದು ಖರ್ಚು ಉಳಿಸುವ ಉಪಾಯವಾಗುತ್ತದೆ.

ಹುಡುಗಿಗೆ ಇಷ್ಟನ್ನೂ ಹೇಳಿದೆ. "ಪುಟ್ಟಾ, ಮೊದಲು ನಿನ್ನ ಸಂಬಳ ಕೇಳಿಕೋ, ನಾಚಿಕೊಳ್ಳಬೇಡ. ಆಮೇಲೆ ನಿನ್ನ ಮುಂದೆ ಯಾರಾದರೂ ಬಂದು ನಿಂತರೆ ಬೋರ್ಡು ತೋರಿಸಬೇಡ, ಲೆಕ್ಕ ತೋರಿಸು."

ಇನ್ನೊಬ್ಬರ ಸಂಬಳ ಬರೆಯುವ ಕುರ್ಚಿಯಲ್ಲಿ ಕೂತಿರುವ ಎಲ್ಲರಲ್ಲೂ ನನ್ನ ಕೋರಿಕೆ ಅದೇ.