ಯಾರ ಅನ್ನದ ಮೇಲೆ ಈ ಬಾಜಿ?



ಶಿಲುಬೆಯ ಬುಡದಲ್ಲಿ ನಡೆದ ಒಂದು ಘಟನೆಯನ್ನು ಸಂತ ಯೊವಾನ್ನರು ತಮ್ಮ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರೆದಿಟ್ಟಿದ್ದಾರೆ. ಮೇಲೆ ಪ್ರಭು ಪ್ರಾಣ ಬಿಡುತ್ತಿದ್ದಾರೆ; ಕೆಳಗೆ ಸೈನಿಕರು ಅವರ ಹೊಲಿಗೆಯಿಲ್ಲದ ಅಂಗಿಗಾಗಿ ಚೀಟಿ ಹಾಕುತ್ತಿದ್ದಾರೆ. ಚೀಟಿ ಹಾಕುವುದೇ ಪಾಪವೆಂದು ಹೇಳುವಂತಿಲ್ಲ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಪ್ರೇಷಿತರೂ ಚೀಟಿ ಹಾಕಿದರು. ಸೈನಿಕರ ತಪ್ಪು ಬೇರೆ. ಕಣ್ಣೆದುರಿಗೇ ಒಬ್ಬರ ಸರ್ವಸ್ವವೂ ಹೋಗುತ್ತಿರುವಾಗ, ಅದರಲ್ಲಿ ತಮಗೇನು ಸಿಕ್ಕೀತು ಎಂದಷ್ಟೇ ಅವರು ನೋಡಿದರು.

ನಮ್ಮ ಯುವಕರು ಇಂದು ಕೇಳುವ ಪ್ರಶ್ನೆಯೊಂದನ್ನು ಈ ಬೆಳಕಿನಲ್ಲಿ ನೋಡೋಣ. "ಕ್ರಿಕೆಟ್ ಬೆಟ್ಟಿಂಗಿಗೆ ಸರಕಾರ ಏಕೆ ಅನುಮತಿ ಕೊಡಬಾರದು? ಕೇರಳದಲ್ಲಿ ಸರಕಾರವೇ ಲಾಟರಿ ನಡೆಸುವುದಿಲ್ಲವೇ?" ಪ್ರಶ್ನೆ ನ್ಯಾಯವಾದದ್ದೇ. ಗದರಿಸಿ ಬಾಯಿ ಮುಚ್ಚಿಸುವುದು ಉತ್ತರವಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟ. ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೇ ಪರಿಚ್ಛೇದದ ಪ್ರಕಾರ, ಅದೃಷ್ಟದ ಆಟವಾಗಲಿ ಪಂಥವಾಗಲಿ ತನ್ನಷ್ಟಕ್ಕೆ ತಾನೇ ನ್ಯಾಯಕ್ಕೆ ವಿರುದ್ಧವಲ್ಲ. ಆದರೆ ತನ್ನ ಮತ್ತು ತನ್ನನ್ನು ನಂಬಿದವರ ಅಗತ್ಯಕ್ಕೆ ಬೇಕಾದದ್ದನ್ನು ಅದು ಕಸಿದಾಗ ನೈತಿಕವಾಗಿ ಒಪ್ಪತಕ್ಕದ್ದಲ್ಲ; ಜೂಜಿನ ಚಟ ಮನುಷ್ಯನನ್ನು ಗುಲಾಮನನ್ನಾಗಿ ಮಾಡುವ ಅಪಾಯವೂ ಉಂಟು. ಆದ್ದರಿಂದ ನಾವು ಕೇಳಬೇಕಾದದ್ದು, ಇದು ಯಾರ ಅನ್ನವನ್ನು ಕಸಿಯುತ್ತದೆ ಎಂಬುದನ್ನು.

ಮೊದಲು ಲಾಟರಿಯನ್ನು ನೋಡೋಣ. 1967ರಲ್ಲಿ ಕೇರಳ ಸರಕಾರ ತನ್ನದೇ ಲಾಟರಿ ಇಲಾಖೆಯನ್ನು ತೆರೆಯಿತು. ದೇಶದಲ್ಲಿ ಅದೇ ಮೊದಲನೆಯದು. ಅನೇಕ ಅಂಗವಿಕಲರು ಅಲ್ಲಿ ಟಿಕೆಟ್ ಮಾರಿ ಬದುಕುತ್ತಾರೆ. 'ಕಾರುಣ್ಯ' ಲಾಟರಿಯ ಆದಾಯವನ್ನು ಬಡ ರೋಗಿಗಳ ಚಿಕಿತ್ಸೆಗೆಂದೇ ಮೀಸಲಿಡಲಾಯಿತು. ಇದನ್ನು ಅಲ್ಲಗಳೆಯಲಾಗದು. ಆದರೆ ಆ ಟಿಕೆಟನ್ನು ಹೆಚ್ಚಾಗಿ ಕೊಳ್ಳುವವರು ಯಾರು? ಬಂಗಲೆಯವರಲ್ಲ, ದಿನಗೂಲಿಯವರು. ಬಡವನ ಆಸ್ಪತ್ರೆಯ ಖರ್ಚನ್ನು ಮತ್ತೊಬ್ಬ ಬಡವನ ಜೇಬಿನಿಂದ ಎತ್ತಿದಂತಾಯಿತು. ನಮ್ಮ ಕರ್ನಾಟಕದಲ್ಲಿ ಒಂದಂಕಿ ಲಾಟರಿಯ ಕಾಲದಲ್ಲಿ ಮನೆಗಳು ಹೇಗೆ ಹಾಳಾದವೆಂದು ಹಿರಿಯರಿಗೆ ನೆನಪಿದೆ. 2007ರಲ್ಲಿ ನಮ್ಮ ರಾಜ್ಯ ಲಾಟರಿಯನ್ನೇ ನಿಷೇಧಿಸಿತು.

ಇನ್ನು ಕ್ರೀಡಾ ಬೆಟ್ಟಿಂಗು. ಇದು ಲಾಟರಿಗಿಂತ ಎರಡು ರೀತಿಯಲ್ಲಿ ಹೆಚ್ಚು ಅಪಾಯಕಾರಿ. ಲಾಟರಿ ಕೊಂಡವನಿಗೆ ತನ್ನದು ಬರೀ ಅದೃಷ್ಟವೆಂದು ಗೊತ್ತು. ಟಿಕೆಟಿನ ಬೆಲೆ ಅದರ ಮೇಲೇ ಅಚ್ಚಾಗಿರುತ್ತದೆ, ಫಲಿತಾಂಶಕ್ಕೆ ಡ್ರಾ ಆಗುವವರೆಗೆ ಕಾಯಬೇಕು. ಬೆಟ್ಟಿಂಗಿನಲ್ಲಿ ಹಾಗಲ್ಲ. "ನನಗೆ ಕ್ರಿಕೆಟ್ ಗೊತ್ತು" ಎಂಬ ಅಹಂಕಾರ ಅಲ್ಲಿ ಜೊತೆಗೂಡುತ್ತದೆ. ಸೋತವನು ಅದೃಷ್ಟವನ್ನು ಬೈಯುವುದಿಲ್ಲ, ಲೆಕ್ಕ ಸ್ವಲ್ಪ ತಪ್ಪಿತು ಎಂದುಕೊಳ್ಳುತ್ತಾನೆ. ಕಳೆದದ್ದನ್ನು ಮರಳಿ ಪಡೆಯಲು ಮತ್ತೆ ಕಟ್ಟುತ್ತಾನೆ. ಅದಕ್ಕೆ ನಾಳೆಯವರೆಗೆ ಕಾಯಬೇಕಿಲ್ಲ, ಮುಂದಿನ ಓವರೇ ಸಾಕು. ಅಂಗಡಿಗೆ ಹೋಗಬೇಕಿಲ್ಲ, ಹಾಸಿಗೆಯಲ್ಲಿ ಮಲಗಿಯೇ ಮೊಬೈಲಿನಲ್ಲಿ ಕಟ್ಟಬಹುದು. ಪಕ್ಕದಲ್ಲಿ ಮಲಗಿರುವ ಹೆಂಡತಿಗೂ ತಿಳಿಯದು. ತಿಳಿಯುವುದು ಕೊರಳ ಸರ ಅಡವಿಗೆ ಹೋದಾಗ, ಬಡ್ಡಿಯವನು ಬಾಗಿಲಿಗೆ ಬಂದಾಗ.

ಆಟಕ್ಕೂ ಇದರಿಂದ ಕೇಡು. 2000ದಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಬುಕ್ಕಿಗಳಿಂದ ಹಣ ಪಡೆದದ್ದನ್ನು ಒಪ್ಪಿಕೊಂಡಾಗ ಎಷ್ಟು ಮಕ್ಕಳ ಮನಸ್ಸು ಮುರಿಯಿತು!

ಅನುಮತಿ ಕೊಡಬೇಕೆನ್ನುವವರ ವಾದವನ್ನೂ ಕೇಳಬೇಕು. ಹೇಗೂ ಕದ್ದುಮುಚ್ಚಿ ನಡೆಯುತ್ತಿದೆ. ಬೆಳಕಿಗೆ ತಂದರೆ ತೆರಿಗೆ ಬರುತ್ತದೆ, ಬುಕ್ಕಿಗಳ ಬಲ ಮುರಿಯುತ್ತದೆ ಎನ್ನುತ್ತಾರೆ. 2013ರ ಐಪಿಎಲ್ ಹಗರಣದ ಬಳಿಕ ಸುಪ್ರೀಂ ಕೋರ್ಟ್ ನೇಮಿಸಿದ ಲೋಧಾ ಸಮಿತಿ 2016ರಲ್ಲಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನಿನಡಿ ತರಬೇಕೆಂದಿತು. ಕಾನೂನು ಆಯೋಗ 2018ರ ತನ್ನ 276ನೇ ವರದಿಯಲ್ಲಿ, ಪೂರ್ತಿ ತಡೆಯಲಾಗದಿದ್ದರೆ ನಿಯಂತ್ರಣವೊಂದೇ ದಾರಿ ಎಂದಿತು. ಆದರೆ ಆ ಆಯೋಗವೇ ಇಟ್ಟ ಷರತ್ತುಗಳನ್ನು ನೋಡಿ: ಒಬ್ಬನು ಕಟ್ಟುವ ಹಣಕ್ಕೆ ಮಿತಿ ಇರಬೇಕು, ಅಪ್ರಾಪ್ತರಿಗೆ ಮತ್ತು ಸರಕಾರದ ಸಬ್ಸಿಡಿ ಪಡೆಯುವವರಿಗೆ ಅವಕಾಶ ಇರಬಾರದು. ಅಂದರೆ, ಬಾಗಿಲು ತೆರೆಯಬಹುದು ಎಂದವರಿಗೂ ಒಳಗೆ ಬಿದ್ದು ಸಾಯುವವನು ಬಡವನೇ ಎಂದು ಗೊತ್ತಿತ್ತು.

ನಮ್ಮ ಸಂವಿಧಾನ ಜೂಜು ಮತ್ತು ಪಂಥದ ವಿಷಯವನ್ನು ರಾಜ್ಯಗಳ ಪಟ್ಟಿಯಲ್ಲಿಟ್ಟಿದೆ. ತೆರಿಗೆಯ ಆಸೆಗೆ ರಾಜ್ಯವೊಂದು ಬೆಟ್ಟಿಂಗಿಗೆ ಕೈ ಹಾಕಿತೆಂದರೆ, ಪ್ರಜೆ ಹೆಚ್ಚು ಸೋತಷ್ಟೂ ಬೊಕ್ಕಸಕ್ಕೆ ಹೆಚ್ಚು ಲಾಭ. ಕಾಯಬೇಕಾದವನೇ ಸೋಲಿನಲ್ಲಿ ಪಾಲುದಾರನಾದರೆ ಕಾಯುವವರಾರು? ಮಂದೆಯನ್ನು ಮೇಯಿಸದೆ ಮಂದೆಯನ್ನೇ ತಿನ್ನುವ ಕುರುಬರನ್ನು ಪ್ರವಾದಿ ಯೆಹೆಜ್ಕೇಲನು 34ನೇ ಅಧ್ಯಾಯದಲ್ಲಿ ಕಠಿಣವಾಗಿ ಖಂಡಿಸುತ್ತಾನೆ. ಲಾಟರಿಯಲ್ಲಿ ಆದ ತಪ್ಪು ಬೆಟ್ಟಿಂಗಿಗೆ ಪರವಾನಗಿಯಾಗಬಾರದು, ಅದು ಎಚ್ಚರಿಕೆಯಾಗಬೇಕು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಆಡುವವರಿಗಲ್ಲ. ಇದರಲ್ಲಿ ವಿವೇಕವಿದೆ.

ಹಾಗಾದರೆ ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ನಾವು ಆಡಿಸುವ ಹೌಸಿ, ಮಾರುವ ಲಕ್ಕಿ ಡ್ರಾ ಟಿಕೆಟು? ಎಲ್ಲರೆದುರು, ವರ್ಷಕ್ಕೊಮ್ಮೆ, ಚಿಲ್ಲರೆ ಕಾಸಿನಲ್ಲಿ ನಡೆಯುವ ಆಟದಿಂದ ಯಾರ ಒಲೆಯೂ ಆರುವುದಿಲ್ಲ. ಆದರೂ ಮಕ್ಕಳ ಕೈಗೆ ಟಿಕೆಟಿನ ಪುಸ್ತಕ ಕೊಟ್ಟು ಮನೆಮನೆಗೆ ಕಳುಹಿಸುವ ಮುನ್ನ ಒಮ್ಮೆ ಯೋಚಿಸೋಣ. ಬಹುಮಾನದ ಆಸೆ ತೋರಿಸದೆ ದಾನ ಕೇಳುವ ಧೈರ್ಯ ನಮ್ಮ ಸಮಿತಿಗಳಿಗೆ ಬರಲಿ.

ಪ್ರಿಯರೇ, ಕಾಯಿದೆ ಬಂದ ಮಾತ್ರಕ್ಕೆ ಚಟ ಬಿಡದು. ತಂದೆತಾಯಂದಿರೇ, ಮಗನು ಪಂದ್ಯ ಮುಗಿದ ಮೇಲೂ ನಿದ್ರೆಯಿಲ್ಲದೆ ಒದ್ದಾಡುತ್ತಿದ್ದರೆ, ಕಾರಣ ಹೇಳದೆ ಕೈಗಡ ಕೇಳುತ್ತಿದ್ದರೆ, ಜಗಳಕ್ಕೆ ನಿಲ್ಲಬೇಡಿ; ಪಕ್ಕದಲ್ಲಿ ಕುಳಿತು ಕೇಳಿ. ಸಾಲ ತೀರಿಸುವ ಮೊದಲು ಸತ್ಯ ಹೊರಬರಲಿ. ಪಾಪನಿವೇದನೆಗೆ ಕರೆತನ್ನಿ, ಅದರ ಜೊತೆಗೆ ವೈದ್ಯರ ಸಲಹೆಯನ್ನೂ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲ್ ಮತ್ತು ಅಂತರ್ಜಾಲದ ಗೀಳಿಗೆಂದೇ ಚಿಕಿತ್ಸಾ ವಿಭಾಗವಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಸೋತು ಮನೆಗೆ ಬಂದ ಮಗನಿಗೆ ಓಡಿಹೋಗಿ ಎದುರಾದ ತಂದೆಯ ಸಾಮತಿಯನ್ನು ಮರೆಯದಿರೋಣ.

ಅನುದಿನದ ಆಹಾರವನ್ನು ಇಂದು ಕೊಡು ಎಂದು ಬೇಡಲು ಪ್ರಭು ನಮಗೆ ಕಲಿಸಿದರು. ಅದೃಷ್ಟ ಖುಲಾಯಿಸಲಿ ಎಂದು ಬೇಡಲು ಕಲಿಸಲಿಲ್ಲ. ಈ ವಾರ ಮನೆಯವರೆಲ್ಲ ಕೂಡಿ ಜಪಸರ ಹೇಳುವಾಗ, ಆ ಒಂದು ಬಿನ್ನಹದ ಬಳಿ ಒಂದು ಕ್ಷಣ ನಿಲ್ಲಿ. ನಮ್ಮ ದುಡಿಮೆಯ ಅನ್ನ ನಮ್ಮ ಮಕ್ಕಳ ತಟ್ಟೆಗೇ ತಲುಪಲಿ ಎಂದು ಪ್ರಾರ್ಥಿಸಿ.