ಹಿಟ್ಟಿನ ಕೋಳಿ ಕೂಗಿದ್ದು ಎಲ್ಲಿ?

ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲೊಂದು ವಿಚಿತ್ರ ಬಲಿಯಿದೆ. ಮಾರಿಗೆ ಪ್ರಾಣಿಬಲಿ ಕೊಡು ಎಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಅತ್ತ ತಾಯಿಯ ಮಾತು ಮೀರಲಾಗದೆ, ಇತ್ತ ಜೀವ ತೆಗೆಯಲೂ ಆಗದೆ ಯಶೋಧರ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕೋಳಿ ಕೂಗುತ್ತದೆ! ಅದರ ಫಲವಾಗಿ ತಾಯಿ, ಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಕತ್ತಿಗೆ ಸಿಕ್ಕಿದ್ದು ಬರೀ ಹಿಟ್ಟಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಜೈನರು ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ.

ಜೈನಮಠವಿರುವ ಸೋದೆ, ಅಡಿಕೆ ತೋಟಗಳ ಇಸಳೂರು ಇರುವ ಶಿರಸಿ ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಕಟವೂ ಇದೆ. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗಲೋ ತೋಟದ ಕಳೆ ಸವರುವಾಗಲೋ ಕತ್ತಿಗೆ ನಾಗರಹಾವು ಸಿಕ್ಕಿ ಸತ್ತಿತು ಅನ್ನಿ. ಕತ್ತಿ ಹಿಡಿದವನಿಗೆ ಕೊಲ್ಲುವ ಮನಸ್ಸಿರಲಿಲ್ಲ. ಹಾವು ಕಣ್ಣಿಗೇ ಬಿದ್ದಿರಲಿಲ್ಲ. ಆದರೂ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಸರ್ಪಸಂಸ್ಕಾರ ಆಗುವವರೆಗೆ ಮನೆಮಂದಿಗೂ ಸಮಾಧಾನವಿಲ್ಲ.

ಅಲ್ಲಿ ಕೃತ್ಯವಿಲ್ಲದ ಸಂಕಲ್ಪ, ಇಲ್ಲಿ ಸಂಕಲ್ಪವಿಲ್ಲದ ಕೃತ್ಯ. ಪಾಪಪ್ರಜ್ಞೆ ಎರಡು ಕಡೆಯಿಂದಲೂ ಚುಚ್ಚುತ್ತದೆ.

ಅಮೆರಿಕದ ಎಂಐಟಿಯ ಸಂಶೋಧಕರು 2010ರಲ್ಲಿ ಜನ್ನನ ಪ್ರಶ್ನೆಯನ್ನೇ, ಅವನ ಹೆಸರು ಕೇಳದೆಯೇ, ಮಿದುಳಿನ ಮುಂದಿಟ್ಟರು. ಒಬ್ಬಳು ವಿಷವೆಂದು ನಂಬಿ ಗೆಳತಿಯ ಕಾಫಿಗೆ ಪುಡಿ ಬೆರೆಸುತ್ತಾಳೆ. ಅದು ಸಕ್ಕರೆ, ಗೆಳತಿಗೆ ಏನೂ ಆಗುವುದಿಲ್ಲ. ಬೆರೆಸಿದವಳದು ತಪ್ಪೇ? ಖಂಡಿತ ತಪ್ಪು ಎಂದೇ ಹೆಚ್ಚಿನವರ ತೀರ್ಪು. ಆದರೆ ಬಲಗಿವಿಯ ಮೇಲೆ, ತುಸು ಹಿಂದಕ್ಕಿರುವ ಮಿದುಳಿನ ಭಾಗವನ್ನು ಕಾಂತೀಯ ಮಿಡಿತಗಳಿಂದ ಕೊಂಚ ಹೊತ್ತು ಕದಡಿದಾಗ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂಬತ್ತ ತೀರ್ಪು ವಾಲಿತು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲು ನೆರವಾಗುವ ಭಾಗ ಅದು.

ಇದು ಪರರ ತಪ್ಪಿನ ಲೆಕ್ಕ. ತನ್ನ ತಪ್ಪು ತನ್ನನ್ನೇ ಸುಡಬೇಕಾದರೆ ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿರುವ ಮಿದುಳು ಸರಿಯಿರಬೇಕು. ಅಯೋವಾ ವಿಶ್ವವಿದ್ಯಾಲಯದ ವೈದ್ಯರು 1999ರಲ್ಲಿ ಇಬ್ಬರ ವೃತ್ತಾಂತ ಪ್ರಕಟಿಸಿದರು. ಒಬ್ಬರಿಗೆ 15 ತಿಂಗಳ ಮಗುವಾಗಿದ್ದಾಗ ವಾಹನ ಹರಿದು, ಇನ್ನೊಬ್ಬರಿಗೆ 3 ತಿಂಗಳಲ್ಲೇ ಗಡ್ಡೆ ತೆಗೆದದ್ದರಿಂದ ಆ ಭಾಗಕ್ಕೆ ಪೆಟ್ಟಾಗಿತ್ತು. ಒಳ್ಳೆಯ ಮನೆ, ಓದಿದ ತಂದೆತಾಯಿ, ಬುದ್ಧಿಗೂ ಕೊರತೆಯಿಲ್ಲ. ಆದರೂ ದೊಡ್ಡವರಾದ ಮೇಲೆ ಸುಳ್ಳು, ಕಳವು. ಪಶ್ಚಾತ್ತಾಪ ಮಾತ್ರ ಇಲ್ಲ. ಪ್ರಾಯಕ್ಕೆ ಬಂದ ಮೇಲೆ ಅಲ್ಲೇ ಪೆಟ್ಟು ತಿಂದವರು ಸರಿ ತಪ್ಪುಗಳನ್ನು ಬಾಯಲ್ಲಾದರೂ ಹೇಳಬಲ್ಲರು. ಇವರು ಅದನ್ನು ಕಲಿತೇ ಇರಲಿಲ್ಲ.

ಹಾಗಾದರೆ ಪಾಪಪ್ರಜ್ಞೆಯೆಂದರೆ ಮಿದುಳಿನ ಒಂದು ಮೂಲೆ ಎಂದುಬಿಡಬಹುದೇ? ಅದು ಅವಸರದ ಮಾತು. ಸುಡುವ ಶಕ್ತಿ ಮಿದುಳಿನದು, ಸರಿ. ಆದರೆ ಹಾವು ಸತ್ತದ್ದಕ್ಕೆ ಸುಡಬೇಕು, ತೋಟದ ಇಲಿಗೆ ಬೇಡ ಎಂದು ಕಲಿಸಿದ್ದು ಊರು. ಯಾವ ಸ್ಕ್ಯಾನಿನಲ್ಲೂ ನಾಗನ ಚಿತ್ರ ಮೂಡುವುದಿಲ್ಲ.

ಬೆಂಕಿ ಅತಿಯಾಗುವುದೂ ಉಂಟು. ಮಾಡದ ತಪ್ಪಿಗೂ ತನ್ನನ್ನೇ ಹಳಿದುಕೊಳ್ಳುವುದನ್ನು ವೈದ್ಯರು ಖಿನ್ನತೆಯ ಲಕ್ಷಣಗಳಲ್ಲಿ ಎಣಿಸುತ್ತಾರೆ. ಶಾಲೆಗೆ ಸೇರುವ ಮೊದಲೇ ಇಂಥ ಅತಿಯಾದ ಪಾಪಪ್ರಜ್ಞೆ ಇದ್ದ ಮಕ್ಕಳಲ್ಲಿ, ಮುಂದೆ ಇನ್ಸುಲಾ ಎಂಬ ಒಳಮಡಿಕೆಯ ಮುಂಭಾಗ ಚಿಕ್ಕದಾಗಿ ಕಂಡಿತೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ 2015ರ ಅಧ್ಯಯನ ಹೇಳಿತು. ಮಿದುಳು ಚಿಕ್ಕದಾದ್ದರಿಂದ ಸಂಕಟವೋ, ಸಂಕಟದಿಂದ ಮಿದುಳು ಹಾಗಾಯಿತೋ ಎಂಬುದನ್ನು ಅಳತೆಯೊಂದೇ ಹೇಳಲಾರದು.

ಸರ್ಪಸಂಸ್ಕಾರ ಮಾಡಿಸಿದ ಮೇಲೂ ವಾರಗಟ್ಟಲೆ ‘ಎಲ್ಲಾ ನನ್ನಿಂದಲೇ’ ಎನ್ನುತ್ತ ಊಟ, ನಿದ್ದೆ ಬಿಟ್ಟವರು ಮನೆಯಲ್ಲಿದ್ದರೆ ವೈದ್ಯರಿಗೆ ತೋರಿಸಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.