ಹಿತ್ತಲಿನ ಸೂರಕ್ಕಿ

ವಾಕ್ಯಭಾಗ: ಮತ್ತಾಯ 6:25-34



ಈ ವಾಕ್ಯಭಾಗ ನಮಗೆಲ್ಲ ಬಾಯಿಪಾಠ. ಆದರೆ ಯೇಸುಸ್ವಾಮಿ ಬರೀ ಚಿಂತೆ ಬಿಡಿ ಅಂತ ಹೇಳಿ ಸುಮ್ಮನಾಗಲಿಲ್ಲ. ಒಂದು ಕೆಲಸ ಕೊಟ್ಟರು. ಏನದು? ನೋಡುವ ಕೆಲಸ! 26ನೇ ವಚನದಲ್ಲಿ ಹಕ್ಕಿಗಳ ಬಗ್ಗೆ ಇರುವ ಮೂಲ ಗ್ರೀಕ್ ಪದಕ್ಕೆ ದೃಷ್ಟಿಯಿಟ್ಟು ನೋಡುವುದು ಎಂಬ ಅರ್ಥವಿದೆ. 28ನೇ ವಚನದಲ್ಲಿ ಹೂವುಗಳ ವಿಷಯ ಬಂದಾಗ ಪದವೇ ಬೇರೆ: ಚೆನ್ನಾಗಿ ಗಮನಿಸಿ ಕಲಿಯುವುದು. ಶಿಷ್ಯ ಎನ್ನುವುದಕ್ಕಿರುವ ಗ್ರೀಕ್ ಪದವೂ ಅದೇ ಮೂಲದಿಂದ ಬಂದದ್ದು. ಹೂವಿನ ಮುಂದೆಯೂ ಶಿಷ್ಯರಾಗಿ ನಿಲ್ಲಬೇಕು. ಹಲ್ಲೆಲೂಯಾ!

ಪ್ರಿಯರೇ, ನಾನು ಈ ವಾಕ್ಯವನ್ನು ಎಷ್ಟೋ ಸಲ ಬೋಧಿಸಿದ್ದೇನೆ. ಆದರೆ ನಮ್ಮ ಹಿತ್ತಲಿನ ಹಕ್ಕಿಯನ್ನು ನಿಂತು ನೋಡಿದವನಲ್ಲ.

ಹೋದ ವರ್ಷ ನಮ್ಮ ಮನೆಯಲ್ಲಿ ತೊಟ್ಟಿಲು ಸಿದ್ಧವಾಗಿತ್ತು. ಮಗು ಉಳಿಯಲಿಲ್ಲ. ಬಂದವರೆಲ್ಲ, "ದೇವರು ಇನ್ನೊಂದು ಕೊಡ್ತಾರೆ ಬಿಡಮ್ಮ" ಅಂದರು. ನನ್ನ ಹೆಂಡತಿ ಯಾರಿಗೂ ಉತ್ತರ ಕೊಡಲಿಲ್ಲ. ಅಡುಗೆಮನೆ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು.

ಕಿಟಕಿಯಾಚೆ ದಾಸವಾಳದ ಗಿಡದಲ್ಲಿ ಸೂರಕ್ಕಿ ಗೂಡು ಕಟ್ಟುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ! ನಾರು, ತೊಗಟೆಯ ಚೂರು, ಒಣ ಎಲೆ ತಂದು, ಜೇಡರ ಬಲೆಯಿಂದ ಹೊಂದಿಸಿ, ಚೀಲದ ಹಾಗೆ ತೂಗುಬಿಟ್ಟಿತು. ಬಾಗಿಲು ಪಕ್ಕದಲ್ಲಿ, ಮೇಲೆ ಪುಟ್ಟದೊಂದು ಸಜ್ಜ. ಕಾವಿಗೆ ಕೂತದ್ದು ಹೆಣ್ಣೊಂದೇ. ಮರಿ ಬಂದ ಮೇಲೆ ಎರಡೂ ಸೇರಿ ಹುಳು ತಂದವು. ಒಂದು ಬೆಳಿಗ್ಗೆ ಕೆಂಬೂತ ಬಂತು. ನಾವು ಓಡಿಹೋಗುವಷ್ಟರಲ್ಲಿ ಗೂಡು ಹರಿದಿತ್ತು, ಮರಿಗಳಿರಲಿಲ್ಲ.

ಆ ದಿನ ಅವಳು ಕೇಳಿದಳು: "ಏನ್ರೀ, ಹಕ್ಕಿಗಳನ್ನ ತಂದೆ ಸಾಕ್ತಾನೆ ಅಂತೀರಲ್ಲ, ಇದನ್ನ ನೋಡಲಿಲ್ವಾ?" ನನ್ನ ಹತ್ತಿರ ಉತ್ತರವಿರಲಿಲ್ಲ. ಪಾಸ್ಟರ್ ನಾನು, ಉತ್ತರವಿರಲಿಲ್ಲ!

ಆಮೇಲೆ ಮತ್ತಾಯ 10:29 ತೆರೆದೆ. ಗುಬ್ಬಿ ಬೀಳುವುದೇ ಇಲ್ಲ ಎಂದು ಯೇಸುಸ್ವಾಮಿ ಹೇಳಿಲ್ಲ. ಬೀಳುವಾಗಲೂ ಅದು ತಂದೆಯನ್ನು ಬಿಟ್ಟು ಬೀಳುವುದಿಲ್ಲ ಎಂದರು. ಅದೇ ವಾಕ್ಯವನ್ನು ಅವಳ ಪಕ್ಕದಲ್ಲಿ ಕೂತು ಓದಿದೆ. ವಿವರಣೆ ಕೊಡಲಿಲ್ಲ. ಇಬ್ಬರೂ ಅತ್ತೆವು. ಮಗು ಹೋದ ಮೇಲೆ ನಾವು ಒಟ್ಟಿಗೆ ಅತ್ತದ್ದು ಅದೇ ಮೊದಲು.

ಕೆಲವು ದಿನ ಕಳೆದ ಮೇಲೆ, "ಬನ್ರೀ ಇಲ್ಲಿ" ಅಂತ ಕರೆದಳು. ಹಕ್ಕಿ ಮತ್ತೆ ನಾರು ತರುತ್ತಿತ್ತು.

ತಪ್ಪು ತಿಳಿಯಬೇಡಿ. ನಿಮಗೂ ಇನ್ನೊಂದು ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ತೊಟ್ಟಿಲು ಇಂದಿಗೂ ಖಾಲಿ. ಆದರೆ ಬೀಳುವುದನ್ನು ಕಂಡ ತಂದೆ ಅಲ್ಲೇ ಇದ್ದಾನೆ, ಆಮೆನ್? ಆ ಹಕ್ಕಿಗಿಂತ ನೀವು ಆತನಿಗೆ ಬಹಳ ಹೆಚ್ಚಿನವರು.

ಈ ವಾರ ಫೋನ್ ಒಳಗಿಟ್ಟು ಹತ್ತು ನಿಮಿಷ ಹಿತ್ತಲಲ್ಲಿ ನಿಲ್ಲಿರಿ. ಹಿತ್ತಲಿಲ್ಲವೇ? ಕುಂಡದ ತುಳಸಿಗೆ ಬರುವ ಜೇನು ಸಾಕು. ನೋಡಿರಿ, ಆಮೇಲೆ ಪ್ರಾರ್ಥಿಸಿರಿ. ಇವತ್ತು ಹರಿದ ಗೂಡಿನ ಮುಂದೆ ನಿಂತಿರುವವರು ಯಾರಾದರೂ ಇದ್ದರೆ ಮುಂದೆ ಬನ್ನಿ, ಜೊತೆಯಲ್ಲಿ ಪ್ರಾರ್ಥಿಸೋಣ. ಅಳು ಬಂದರೆ ಅಳಿರಿ, ತಂದೆಗೆ ಅದೂ ಪ್ರಾರ್ಥನೆಯೇ.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.